ನಲವತ್ತೆಂಟರಾಗ ಒಂದು ಪಾಲಿನ ವಿಮಾನ

ಮೊದಲು ಖರೆ ಹೇಳಿಬಿಡ್ತೀನಿ. ನಮ್ಮ ತಮ್ಮನ ವಿಮಾನದ ಅಂಕಿ ಕೆಡಿಸಿದ್ದು ಬೆಕ್ಕಲ್ಲ. ಕೊರಿಯರ್‌ದವನೂ ಅಲ್ಲ. ನಾನೇ ಕೆಡಿಸಿದೆ, ಈ ಎರಡು ಕೈಯಿಂದ, ಹಿತ್ತಾಳಿ ಬೋಗಾಣಿ ನೀರಾಗ ಅದ್ದಿ. ನಮ್ಮ ಓಣ್ಯಾಗ ಇನ್ನೂ ಬೆಕ್ಕಿನ ಹೆಸರೇ ನಡದೈತಿ. ಬೆಕ್ಕಿಗೆ ಓದಾಕ ಬರೂದಿಲ್ಲ, ಅದಕ್ಕ ತಕರಾರು ಮಾಡಿಲ್ಲ.

ವಿಮಾನ ಅಂದಕೂಡ್ಲೆ ನೀವು ಏನೇನೋ ತಿಳ್ಕೋಬ್ಯಾಡ್ರಿ. ಇಡೀ ಗದಗ-ಬೆಟಗೇರಿಯೊಳಗ ವಿಮಾನ ಕಟ್ಟೋ ಮನುಷ್ಯಾ ನನಗ ಗೊತ್ತಿದ್ದಂಗ ನಮ್ಮ ತಮ್ಮ ಒಬ್ಬನೇ. ಆದ್ರ ಅವ ಕಟ್ಟಿದ ವಿಮಾನದಾಗ ಒಂದು ಕಟ್ಟಿರುವಿ ಹತ್ತಿದ್ರ ಅದೂ ಕಾಲು ಮಡಚ್ಕೊಂಡು ಕುಂಡ್ರಬೇಕು! ತಾನು ಮಾತ್ರ ಜನ್ಮದಾಗ ವಿಮಾನ ಹತ್ತಿಲ್ಲ. ಹುಬ್ಬಳ್ಳಿ ವಿಮಾನ ನಿಲ್ದಾಣ ಬಸ್ಸಿನ ಕಿಟಕ್ಯಾಗ ನೋಡ್ಯಾನ, ಅದೂ ಬಸ್ಸು ಜೋರ್ ಹೊಂಟಾಗ.

ನಾನು ನಾಕನೇತ್ತಾ ತನಕ ಸಾಲಿ ಕಲಿತಾಕಿ. ಆಮ್ಯಾಲ ಮಗ್ಗಕ್ಕ ಕುಂತೆ. ನನ್ನ ಬರವಣಿಗಿ ನಿಧಾನ, ಮಾತು ಜಲ್ದಿ. ಎಲ್ಲೆರ ತಪ್ಪಿದ್ರ ನೀವೇ ತಿದ್ದಿಕೋರಿ. ನಮ್ಮ ತಮ್ಮನ ಕೈಯಾಗ ಮಾತ್ರ ಕೊಡಬ್ಯಾಡ್ರಿ. ತಿದ್ದಾಕ ಕುಂತ ಅಂದ್ರ ಈ ಹಾಳಿ ಮುಂದಿನ ವರ್ಷ ನಿಮ್ಮ ಕೈ ಸೇರತೈತಿ.

ಅವ ಗದಗಿನ ಒಂದು ಛಾಪಖಾನಿಯೊಳಗ ಮೊಳಿ ಜೋಡಸ್ತಿದ್ದ. ಸೀಸದ ಅಕ್ಷರ ಒಂದೊಂದೇ ಆರಿಸಿ ಸಾಲು ಕಟ್ಟೋ ಕೆಲಸ ಅದು. ಕಂಪ್ಯೂಟರ್ ಬಂದ ಮ್ಯಾಲ ಅಚ್ಚಿನ ತಪ್ಪು ಹುಡುಕಾಕ ಕುಂಡ್ರಿಸಿದ್ರು. ಅವಗ ಇರೋದು ಒಂದೇ ಕಣ್ಣು. ಎಡಗಣ್ಣು ಸಣ್ಣವ ಇದ್ದಾಗೇ ಹೋತು. ಆದ್ರ ಹತ್ತು ಮಂದಿಯ ಇಪ್ಪತ್ತು ಕಣ್ಣಿಗೆ ಕಾಣದ ತಪ್ಪು ಅವನ ಒಂದು ಕಣ್ಣಿಗೆ ಕಾಣ್ತಿತ್ತು.

ಇದರಿಂದ ನಮಗ ಆದ ಅವಮಾನ ಕೇಳ್ರಿ. ಲಕ್ಷ್ಮೇಶ್ವರದಾಗ ನಮ್ಮ ಬೀಗರ ಮನಿ ಲಗ್ನ. ಎಲ್ಲಾರೂ ಅಕ್ಕಿಕಾಳು ಹಿಡಕೊಂಡು ನಿಂತೀವಿ. ಇಂವಾ ಲಗ್ನಪತ್ರಿಕಾ ಹಿಡಕೊಂಡು ಸೀದಾ ಗಂಡಿನ ಅಪ್ಪನ ಹತ್ರ ಹ್ವಾದ.

“ಬೀಗರ, ಮುಹೂರ್ತದ ವ್ಯಾಳ್ಯಾ ತಪ್ಪು ಅಚ್ಚು ಹಾಕ್ಸೀರಿ. ಇದರ ಪ್ರಕಾರ ಲಗ್ನ ಮುಗದು ಅರ್ಧಾ ತಾಸಾತು.”

ಅವರು ಭಾಳ ಶಾಂತ ಮನಷ್ಯಾರು. “ಹಂಗಾದ್ರ ನೀವು ಊಟಕ್ಕ ಕುಂಡ್ರಿ,” ಅಂದ್ರು, “ಕಾಳು ನಾವು ಹಾಕ್ತೀವಿ.”

ಇಂವಾ ಖರೆನೇ ಹೋಗಿ ಕುಂತಬಿಟ್ಟ! ತಾಳಿ ಕಟ್ಟೂದ್ರಾಗ ಎರಡು ಹೋಳಿಗಿ ಮುಗಿಸಿದ್ದ.

ಕೆಲಸದಿಂದ ಇಳಿದ ಮ್ಯಾಲ ಅವಗ ತಪ್ಪಿನ ಬರಗಾಲ ಬಂತು. ಲಗ್ನಾ ಆಗಿಲ್ಲ, ನಮ್ಮ ಮನಿ ಅಟ್ಟದ ಖೋಲಿಯೊಳಗ ಇರ್ತಾನ. ತಪ್ಪು ಹುಡುಕಾಕ ಹೆಂಡ್ತಿನೂ ಇಲ್ಲ. ನನ್ನ ರೊಟ್ಟಿ ಗುಂಡಗ ಆಗಿಲ್ಲ ಅಂತ ಶುರು ಮಾಡಿದ. ಅಷ್ಟ್ರಾಗ ನನ್ನ ಮೊಮ್ಮಗಳಿಗೆ ಯಾರೋ ಹುಟ್ಟುಹಬ್ಬಕ್ಕ ಒಂದು ಡಬ್ಬಿ ಕೊಟ್ರು. ಒಳಗ ಪ್ಲಾಸ್ಟಿಕ್ಕಿನ ತುಂಡು, ಮೇಲೆ ಯುದ್ಧದ ವಿಮಾನದ ಚಿತ್ರ. ತುಂಡು ಅಂಟಿಸಿ ವಿಮಾನ ಮಾಡಬೇಕಂತ. ಆಕಿ ತಿರುವಿ ಮುರುವಿ ನೋಡಿ, “ಅಜ್ಜಿ, ಇದು ಹಾರೂದಿಲ್ಲಂತ,” ಅಂತ ಮೂಲಿಗೆ ಒಗದ್ಳು. ನಮ್ಮ ತಮ್ಮ ಆರಿಸ್ಕೊಂಡ.

ಎರಡು ದಿನ ಮ್ಯಾಲಿಂದ ಸಪ್ಪಳಿಲ್ಲ. ಮೂರನೇ ದಿನ ಮಾರಿ ಅರಳಿಸ್ಕೊಂಡು ಕೆಳಗ ಇಳದ.

“ಅಕ್ಕಾ, ಇದು ತಪ್ಪೈತಿ!”

“ಏನು ತಪ್ಪೋ?”

“ಮೂಗು ದಪ್ಪಾತು. ಕುರ್ಚಿ ಬ್ಯಾರೆ ವಿಮಾನದ್ದು ಹಾಕ್ಯಾರ. ಗಾಲಿ ಪೂರಾ ಗುಂಡಗ ಅದಾವ.”

“ಗಾಲಿ ಗುಂಡಗ ಇರಲಾರದ ಚಕ್ಕುಲಿಯಂಗ ಇರ್ತಾವೇನೋ?”

“ನಿನಗ ತಿಳಿಯೂದಿಲ್ಲ ಬಿಡು,” ಅಂದ. ಅಂಥಾ ಖುಷಿ ಅವನ ಮಾರಿ ಮ್ಯಾಲ ನಾನು ಹತ್ತು ವರ್ಷದಾಗ ನೋಡಿದ್ದಿಲ್ಲ.

ಆಮ್ಯಾಲ ನನಗ ಒಂದೊಂದೇ ತಿಳೀತು. ಖರೆ ವಿಮಾನದ ನಲವತ್ತೆಂಟರಾಗ ಒಂದು ಪಾಲು ಮಾಡಿ ಈ ಪ್ಲಾಸ್ಟಿಕ್ ವಿಮಾನ ಮಾಡಿರ್ತಾರಂತ. ನನ್ನನ್ನ ಹಂಗ ಮಾಡಿದ್ರ ಹೆಬ್ಬೆರಳಿನ ಅರ್ಧ ಆಗ್ತೀನಂತ. “ಆವಾಗೂ ಬೈಗಳ ಪೂರಾ ಸೈಜ್ ಇರ್ತಾವ,” ಅಂದ ನಮ್ಮ ತಮ್ಮ. ಡಬ್ಬಿ ಮಾಡೋ ಮಂದಿ ಅವಸರ ಮಾಡಿ ಏನೇನೋ ತಪ್ಪು ಮಾಡಿರ್ತಾರ. ಆ ತಪ್ಪು ತಿದ್ದಾಕ ಬ್ಯಾರೆ ಮಂದಿ ಬ್ಯಾರೆ ಭಾಗ ಮಾಡಿ ಮಾರ್ತಾರ: ಸರಿಯಾದ ಕುರ್ಚಿ, ಸರಿಯಾದ ಮೂಗು, ಸರಿಯಾದ ಗಾಲಿ. ಹೊಸ ಸೀರಿ ತಂದು, ಅದರ ಸೆರಗು ಕತ್ತರಿಸಿ ಒಗದು, ಬ್ಯಾರೆ ಊರಿಂದ ಬ್ಯಾರೆ ಸೆರಗು ತರಿಸಿ ಹಚ್ಚಿದಂಗ. ಆಮ್ಯಾಲ ಸೀರಿನೂ ಉಡೂದಿಲ್ಲ, ಗಾಜಿನ ಕಪಾಟಿನಾಗ ಇಡೋದು! ಹಿಂಗ ಮಾಡೋ ಮಂದಿ ಜಗತ್ತಿನ ತುಂಬ ಅದಾರಂತ. ಇದನ್ನ ಕೇಳಿದ ಮ್ಯಾಲ ನನಗ ಜಗತ್ತಿನ ಚಿಂತಿ ಬ್ಯಾರೆ ಹತ್ತಿತು.

ಮೊದಲು ಬಂದದ್ದು ಕುರ್ಚಿ. ನೋಡಾಕ ಒಂದು ಬಟಾಣಿ ಕಾಳಿನಷ್ಟು. ಆಮ್ಯಾಲ ಆ ಕುರ್ಚಿಗೆ ಪಟ್ಟಿ, ಹಿತ್ತಾಳಿಯ ತೆಳ್ಳನ ತಗಡಿನಾಗ ಕೊರೆದದ್ದು, ರೆಪ್ಪಿ ಕೂದಲಿನಷ್ಟು ಅಗಲ. ನಾನು ಕೇಳಿದೆ, “ಕುಂಡ್ರವ ಎಲ್ಲಿ?”

“ಕುಂಡ್ರವ ಇಲ್ಲ.”

“ಮತ್ತ ಪಟ್ಟಿ ಯಾರಿಗೆ ಕಟ್ಟಾವ?”

ಚಿಮಟಿಗೀಲೆ ಪಟ್ಟಿ ಎತ್ತಿ ಕುರ್ಚಿಗೆ ಹಚ್ಚಾಕತ್ತಿದ. ಕುರ್ಚಿ ಮ್ಯಾಲಿನ ಮುಚ್ಚಳ ಅಂಟಿಸಿದ ಮ್ಯಾಲ ಆ ಪಟ್ಟಿ ಹೊರಗಿಂದ ಕಾಣೋದೇ ಇಲ್ಲ ಅಂತ ಮೊಮ್ಮಗಳು ಆಮ್ಯಾಲ ಹೇಳಿದ್ಳು. “ಕಾಣದಿದ್ರ ಏನಾತು, ಇರೋದು ನನಗ ಗೊತ್ತಿರತೈತಲ್ಲ,” ಅಂದ. ಇದಕ್ಕ ನೀವು ಏನಂತೀರಿ? ನಾನು ನೇಯೋ ಕಾಲಕ್ಕ ಸೀರಿ ಒಳಮಗ್ಗಲಿನ ಗಂಟು ಯಾರಿಗೂ ಕಾಣೂದಿಲ್ಲ ಅಂತ ಬಿಟ್ಟಾಕಿ ಅಲ್ಲ ನಾನು.

ಅದು ಸಾಲದ್ದಕ್ಕ ಒಮ್ಮೆ ನನ್ನನ್ನ ದೇವರ ದರ್ಶನ ಅಂತ ಸುಳ್ಳು ಹೇಳಿ ಬಸ್ ಹತ್ತಿಸಿ ಬ್ಯಾರೆ ಊರಿಗೆ ಕರಕೊಂಡು ಹ್ವಾದ. ಅಲ್ಲಿ ಒಂದು ಬಗೀಚದಾಗ ಹಳೇ ಯುದ್ಧದ ವಿಮಾನ ನಿಲ್ಲಿಸ್ಯಾರ. ಚೀಲದಿಂದ ಸಿಂಪಿಗ್ಯಾರ ಟೇಪು ತಗದ. “ಅಕ್ಕಾ, ಈ ತುದಿ ಹಿಡಿ.” ಉರಿ ಬಿಸಲಾಗ ನಾನು ವಿಮಾನದ ಬಾಲ ಹಿಡಕೊಂಡು ನಿಂತೀನಿ, ಇಂವಾ ರೆಕ್ಕಿ ಕೆಳಗ ಮಕ್ಕೊಂಡು ಅಳತಿ ಬರಕೊಳ್ಳಾಕತ್ತಾನ. ವಾಚ್‌ಮನ್ ಓಡಿ ಬಂದ.

“ಏನ್ರಿ ಅಜ್ಜಾರ, ಇದಕ್ಕ ಜಂಪರ್ ಹೊಲಸ್ತೀರೇನು?”

ನಮ್ಮ ತಮ್ಮ ತಲಿ ಎತ್ತಿ, “ಇಲ್ರಿ. ಇದರ ಮೂಗಿನ ಕಡ್ಡಿ ಎಷ್ಟು ಉದ್ದೈತಿ ಹೇಳ್ತೀರೇನು? ನನ್ನ ಡಬ್ಬ್ಯಾಗಿಂದು ಗಿಡ್ಡ ಬಂದೈತಿ,” ಅಂದ. ವಾಚ್‌ಮನ್ ನನ್ನ ಮಾರಿ ನೋಡಿದ. ನಾನು ಆಕಾಶ ನೋಡಿದೆ.

ಕಡ್ಡಿ ತರಿಸಿದ. ಅದು ಸೂಜಿಗಿಂತ ಸಣ್ಣದು, ಕಾಲಿಗೆ ಚುಚ್ಚಿದ್ರ ಮಾತ್ರ ಐತಿ ಅಂತ ಗೊತ್ತಾಗತೈತಿ. ನನಗ ಗೊತ್ತಾತು! ಆಮ್ಯಾಲ ಗಾಲಿ ಬಂದುವು. ಡಬ್ಬ್ಯಾಗಿನ ಗಾಲಿ ಪೂರಾ ಗುಂಡಗ ಇದ್ದುವು ಅಂದಿದ್ನಲ್ಲ, ಹೊಸಾ ಗಾಲಿ ಕೆಳಗ ಒಂದು ಕಡೆ ಚಪ್ಪಟಿ. ಖರೆ ವಿಮಾನ ನಿಂತಾಗ ಭಾರಕ್ಕ ಗಾಲಿಯ ತಳ ಚಪ್ಪಟಿ ಆಗತೈತಂತ. ನಾನು, “ಪಂಕ್ಚರ್ ಆದ ಗಾಲಿ ಪರದೇಶದಿಂದ ತರಿಸ್ಕೊಂಡ ಪುಣ್ಯಾತ್ಮ ನೀ ಒಬ್ಬನೇ,” ಅಂದೆ. ಅದನ್ನ ಹೇಳಿ ನಾನು ನಾಕು ದಿನ ನಕ್ಕೆ.

ಐದನೇ ದಿನ ನಗಿ ನಿಂತುಹೋತು.

ಚಹಾ ಕೊಡಾಕ ಅಟ್ಟ ಹತ್ತಿದ್ದೆ. ಅವ ಸ್ನಾನಕ್ಕ ಹೋಗಿದ್ದ. ವಿಮಾನ ಮೇಜಿನ ಮ್ಯಾಲ ನಿಂತಿತ್ತು. ಬಗ್ಗಿ ನೋಡಿದೆ. ಎರಡು ಗಾಲಿ ಸರಿ ಇದ್ದುವು. ಮೂರನೇದರ ಚಪ್ಪಟಿ ಮಗ್ಗಲು ಮ್ಯಾಲ ಇತ್ತು. ತಲಿಕೆಳಗ ಅಂಟಿಸಿಬಿಟ್ಟಿದ್ದ. ಲಗ್ನಪತ್ರಿಕಾದಾಗ ಒಂದು ಚುಕ್ಕಿ ಬಿಟ್ರ ಹಿಡಿಯೋ ಮನುಷ್ಯಾ! ನಾನು ಚಹಾ ಅಲ್ಲೇ ಇಟ್ಟು ಕೆಳಗ ಬಂದೆ. ಅವಗ ಹೇಳಲಿಲ್ಲ.

ಆಮ್ಯಾಲ ನೋಡಾಕ ಶುರು ಮಾಡಿದೆ. ಬಸಿಯ ಹೊರಗ ಚಹಾ ಸುರೀತಿದ್ದ. ಮೆಟ್ಟಿಲು ಇಳಿಯೋಮುಂದ ಕಾಲಿಲೆ ತಡವಿ ಇಳೀತಿದ್ದ. ಬಾಗಲಾಗ ನಿಂತ ಬಾಜೂದ ಮನಿಯಾಕಿಯನ್ನ ನಾನಂತ ತಿಳದು, “ಅಕ್ಕಾ, ಇವತ್ತರ ರೊಟ್ಟಿ ಸುಡಬ್ಯಾಡ,” ಅಂದ. ಆಕಿ ಎರಡು ದಿನ ನನ್ನ ಕೂಡ ಮಾತು ಬಿಟ್ಟಳು.

ಹಿಡದು ಎಳಕೊಂಡು ಕಣ್ಣಿನ ಡಾಕ್ಟರ್ ಹತ್ರ ಕರಕೊಂಡು ಹ್ವಾದೆ. ಅವರು ಬಲಗಣ್ಣಾಗ ದೀಪಾ ಬಿಟ್ಟು ಭಾಳ ಹೊತ್ತು ನೋಡಿದ್ರು. “ಪೊರೆ ಪೂರಾ ಹಣ್ಣಾಗೇತಿ. ಆಪರೇಷನ್ ಮಾಡಿಸ್ರಿ. ಹಿಂಗೇ ಬಿಟ್ರ ಒಳಗ ಒತ್ತಡ ಏರತೈತಿ. ಆಮ್ಯಾಲ ನಾನೂ ಏನೂ ಮಾಡಾಕ ಬರೂದಿಲ್ಲ. ನಿಮಗಿರೋದು ಇದೊಂದೇ ಕಣ್ಣು, ನೆನಪಿರಲಿ.”

“ಮಾಡಿಸ್ತೀನ್ರಿ,” ಅಂದ ನಮ್ಮ ತಮ್ಮ, “ವಿಮಾನಕ್ಕ ಕುರ್ಚಿಯ ಪಟ್ಟಿ ಸರಿಯಾಗಿ ಕುಂತಿಲ್ಲ, ಇನ್ನೊಂದು ಜೋಡಿ ಬರಬೇಕು. ಬರಲಿ, ಬರ್ತೀನಿ.”

ಡಾಕ್ಟರ್ ನನ್ನ ಕಡೆ ನೋಡಿದ್ರು. ನಾನು, “ನೀವು ತಾರೀಖು ಕೊಡ್ರಿ,” ಅಂದೆ.

ತಾರೀಖು ಕೊಟ್ರು. ಪಟ್ಟಿ ಬಂತು, ತಾರೀಖು ಹೋತು. ಯಾಕಪಾ ಅಂದ್ರ, “ಮೂಗಿನ ಕಡ್ಡಿ ಬಾಗೇತಿ, ಇನ್ನೊಂದು ಹೇಳೀನಿ.” ಮತ್ತೊಂದು ತಾರೀಖು. ಕಡ್ಡಿ ಬಂತು. “ರೆಕ್ಕಿ ಕೆಳಗಿನ ಎಣ್ಣಿ ಟಾಕಿಯ ಮೊಳಿ ಲೆಕ್ಕ ತಪ್ಪೈತಿ.” ನನಗ ಸಿಟ್ಟು ನೆತ್ತಿಗೆ ಏರಿ, “ನಿನ್ನ ವಿಮಾನದ ಲೆಕ್ಕ ತಪ್ಪಿದ್ರ ಯಾವ ರಾಜ್ಯ ಮುಳುಗತೈತೋ ಖೋಡಿ!” ಅಂತ ಕೂಗಾಡಿದೆ. ಓಣಿಯವರು ವಿಮಾನ ಮುಳುಗಿತೇನಂತ ಕೇಳಾಕ ಬಂದ್ರು.

ಕಡೀಕ ಅವನ ಬಾಯಿಂದ ಒಂದು ಮಾತು ಹೊರಡಿಸಿದೆ. ಉಳಿದದ್ದು ವಿಮಾನದ ಮೈಮ್ಯಾಲ ಅಂಟಿಸೋ ಅಂಕಿ-ಗುರುತಿನ ಹಾಳಿ ಒಂದೇ. ಡಬ್ಬ್ಯಾಗಿನ ಹಾಳಿ ಒಳಗ ನಮ್ಮ ದೇಶದ ಕೇಸರಿ ಬಣ್ಣ ಕುಂಕುಮದಂಗ ಅಚ್ಚಾಗಿತ್ತು. ಸರಿಯಾದ ಕೇಸರಿ, ಸರಿಯಾದ ಅಂಕಿ ಇರೋ ಹಾಳಿ ಪರದೇಶದಿಂದ ಬರಬೇಕು. ಮೊಮ್ಮಗಳು ಫೋನಿನಾಗ ಹೇಳ್ಯಾಳ. “ಅದು ಬಂದ್ರ ಹಚ್ಚಿ ಮುಗಿಸಿ ಶುಕ್ರವಾರ ಬರ್ತೀನಿ. ನಿನ್ನಾಣಿ ಅಕ್ಕಾ.” ಡಾಕ್ಟರೂ, “ಬರೋ ಶುಕ್ರವಾರದ ಮುಂದ ನಾ ತಾರೀಖು ಕೊಡೂದಿಲ್ಲ,” ಅಂದುಬಿಟ್ಟಿದ್ರು.

ಹಿಂಗಾಗಿ ಆ ಹಾಳಿಯ ಹಾದಿ ನಮ್ಮ ತಮ್ಮಗಿಂತ ನಾನೇ ಹೆಚ್ಚು ಕಾದೆ. ಕೊರಿಯರ್‌ದವ ನಮ್ಮ ಓಣಿ ತಿರುವಿಗೆ ಬಂದ್ರ ಸಾಕು, ಕೈಯಾಗಿನ ಹಿಟ್ಟು ಸಮೇತ ಹೊರಗ ಓಡ್ತಿದ್ದೆ. ಅವ ಗಾಡಿ ನಿಲ್ಲಿಸಲಾರದೇ, “ಅಜ್ಜಾರ ವಿಮಾನ ಇವತ್ತೂ ಇಳದಿಲ್ರಿ ಅಮ್ಮಾರ!” ಅಂತ ಕೂಗಿ ಹೋಗ್ತಿದ್ದ.

ಸೋಮವಾರ ಇಳೀತು. ನಮ್ಮ ತಮ್ಮ ಮುಂಡರಗಿಗೆ ಹೋಗಿದ್ದ, ಅವನ ಹಳೇ ಛಾಪಖಾನಿ ಗೆಳೆಯನ ಹತ್ರ, ಮರುದಿನ ಬರ್ತೀನಂತ. ನಾನು ಸಹಿ ಮಾಡಿ ತೊಗೊಂಡೆ. ಅಲ್ಲೇ ಬಾಗಲಾಗ ನಿಂತು ಒಡದೆ. ಯಾಕಂದ್ರ ಹಿಂದ ಒಮ್ಮೆ ಬ್ಯಾರೇನೋ ಕಳಿಸಿದ್ರು, ಈ ಸಲೂ ಹಂಗಾದ್ರ ಶುಕ್ರವಾರ ಹೋಗಿಬಿಡತೈತಿ. ಇಲ್ಲ, ಸರಿ ಇತ್ತು. ದಪ್ಪ ಹಾಳಿ ಮ್ಯಾಲ ಸಣ್ಣ ಸಣ್ಣ ಬಟ್ಟಲದಂಥಾ ಗುರುತು, ಅಂಕಿ, ಅಕ್ಷರ. ಕೇಸರಿ ನೋಡಿದೆ. ಆಹಾ, ಹದವಾಗಿ ಬಿದ್ದ ಬಣ್ಣ ಅದು!

ಇಲ್ಲೇ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಐವತ್ತು ವರ್ಷ ಮಗ್ಗದ ಮನ್ಯಾಗ ಬಾಳಿದಾಕಿ ನಾನು. ಹೊಸಾ ಬಣ್ಣದ ನೂಲು ಮನಿಗೆ ಬಂದ್ರ ಮೊದಲು ಮಾಡೋ ಕೆಲಸ ಏನು? ನೀರಾಗ ಅದ್ದಿ ನೋಡೋದು. ಬಣ್ಣ ಬಿಟ್ರ ವಾಪಸ್. ಬಿಡದಿದ್ರ ಮಗ್ಗಕ್ಕ. ನನಗ ಅನಿಸಿತು: ಇಷ್ಟು ದಿನ ಕಾದು ತರಿಸಿದ್ದು, ನಾಳೆ ವಿಮಾನಕ್ಕ ಹಚ್ಚಿದ ಮ್ಯಾಲ ಬಣ್ಣ ಬಿಟ್ಟಿತಂದ್ರ? ಮತ್ತ ಇನ್ನೊಂದು ಹಾಳಿ, ಮತ್ತ ಇನ್ನೊಂದು ತಾರೀಖು. ಈಗೇ ನೋಡಿಬಿಡೋಣು.

ಬೋಗಾಣ್ಯಾಗ ನೀರು ಹಾಕಿದೆ. ಹಾಳಿ ಪೂರಾ ಮುಳುಗಿಸಿದೆ. ಅಷ್ಟ್ರಾಗ ಒಲಿ ಮ್ಯಾಲಿನ ಹಾಲು ಉಕ್ಕಿತು. ಇಳಿಸಿ ಬಂದು ನೋಡ್ತೀನಿ, ಬಣ್ಣ ಒಂದು ಹನಿ ಬಿಟ್ಟಿಲ್ಲ. ಖರೆ ಹೇಳ್ತೀನಿ, ಪಕ್ಕಾ ಬಣ್ಣ! ಆದ್ರ ಬಣ್ಣ ಬಿಡೋ ಬದಲಿ ಅಂಕಿ-ಅಕ್ಷರ ಎಲ್ಲಾ ಹಾಳಿ ಬಿಟ್ಟು ಎದ್ದು ನೀರಾಗ ತೇಲಾಕತ್ತಿದ್ದುವು.

ಅವನ್ನ ನೀರಾಗ ಅದ್ದೇ ಹಚ್ಚೋದಂತ. ಒಂದೊಂದೇ ಕತ್ತರಿಸಿ, ಒಂದೊಂದೇ ನೆನಿಸಿ, ಚಿಮಟಿಗೀಲೆ ಜಾರಿಸಿ ಅಂಟಿಸೋದಂತ. ಇದು ನನಗ ಯಾರು ಹೇಳಿದ್ರು? ಬೆರಳಿಲೆ ಹಿಡಿಯಾಕ ಹ್ವಾದೆ, ಬೆರಳಿಗೆ ಹತ್ತಿದುವು. ಇನ್ನೊಂದು ಕೈಲೆ ತಗಿಯಾಕ ಹ್ವಾದೆ, ಆ ಕೈಗೂ ಹತ್ತಿದುವು. ಹಾಳಿ ಮ್ಯಾಲ ತಿರುಗಿ ಇಟ್ರ ಅಕ್ಕಿ ಹಪ್ಪಳದಂಗ ಮುದುಡಿಕೊಂಡುವು. ಮೊಮ್ಮಗಳು ಕಾಲೇಜಿನಿಂದ ಬಂದಾಗ ನಾನು ಅಡಗಿಮನ್ಯಾಗ ಕುಂತಿದ್ದೆ, ಮುಂಗೈ ಮ್ಯಾಲ ಒಂದು ತಿರಂಗಾ ಬಟ್ಟಲ, ಮೊಣಕೈ ಹತ್ರ ಮೂರು ಅಂಕಿ.

“ಅಜ್ಜಿ, ಏರ್‌ಫೋರ್ಸ್ ಸೇರಿದ್ಯೇನ?” ಅಂದ್ಳು. ಆಮ್ಯಾಲ ಬೋಗಾಣಿ ನೋಡಿ ಬಾಯಿ ಮ್ಯಾಲ ಕೈ ಇಟ್ಳು. “ಇದು ಕಡೀ ಹಾಳಿ ಅಜ್ಜಿ. ಅಂಗಡ್ಯಾಗ ಮುಗದೈತಿ. ಮತ್ತ ಬರಾಕ ಮೂರು ತಿಂಗಳಂತ.”

ಮೂರು ತಿಂಗಳು! ಡಾಕ್ಟರ್ ಹೇಳಿದ್ದು ಕಿವ್ಯಾಗ ಗುಯ್‌ಗುಡಾಕತ್ತಿತು.

ಮಂಗಳವಾರ ನಮ್ಮ ತಮ್ಮ ಬಂದ. “ಹಾಳಿ ಬಂತೇನು?” ಅಂದ. “ಇಲ್ಲ,” ಅಂದುಬಿಟ್ಟೆ. ಸಿಟ್ಟಿಗೇಳ್ತಾನ, ಚಡಪಡಿಸ್ತಾನ ಅಂತ ಮಾಡಿದ್ದೆ. “ಬರ್ಲಿ ಬಿಡು, ಅವಸರ ಏನೈತಿ,” ಅಂತ ಒಂದು ರೊಟ್ಟಿ ಹೆಚ್ಚಿಗೆ ಉಂಡ. ಗುಂಡಗ ಐತೋ ಇಲ್ಲೋ ನೋಡಲಿಲ್ಲ ಸಹಿತ. ನನಗ ಇದು ಭಾಳ ವಿಚಿತ್ರ ಅನಿಸಿತು.

ಬುಧವಾರ ಕೊರಿಯರ್‌ದವ ಹಾದುಹೋಗೋಮುಂದ ಗಾಡಿ ನಿಲ್ಲಿಸಿ, “ಅಜ್ಜಾರ, ಅಂಕಿ ಹಚ್ಚಿದ್ರೇನ್ರಿ? ಸೋಮವಾರ ಕೊಟ್ಟೇನಲ್ಲ!” ಅಂದ. ನಮ್ಮ ತಮ್ಮ ನನ್ನ ಕಡೆ ತಿರುಗಿದ. ನಾನು ಬೆಕ್ಕಿನ ಕಡೆ ತಿರುಗಿದೆ.

“ಬೆಕ್ಕು ಬೋಗಾಣ್ಯಾಗ ಬೀಳಿಸಿತು,” ಅಂದೆ. “ನಿನಗ ಹೆಂಗ ಹೇಳೂದಂತ ಸುಮ್ಮನಿದ್ದೆ.”

ಇನ್ನೊಂದಕ್ಕ ಮೂರು ತಿಂಗಳಂತ ಮೊಮ್ಮಗಳಿಂದ ಕೇಳ್ಕೊಂಡು, ಅವ ಹಾಳಿ ತೊಗೊಂಡು ಅಟ್ಟ ಹತ್ತಿದ. ಗುರುವಾರ ಮಧ್ಯಾಹ್ನ ಕರದ. ಹ್ವಾದೆ. ಕಿಟಕಿ ಬೆಳಕಿನಾಗ ದಪ್ಪ ಭೂತಗನ್ನಡಿ ಹಿಡಕೊಂಡು, ಮೂಗು ಹಾಳಿಗೆ ಹಚ್ಚಿ ಕುಂತಿದ್ದ.

“ಅಕ್ಕಾ, ಬೆಕ್ಕು ಬೀಳಿಸಿದ್ರ ಹಾಳಿಗೆ ಒಂದೆರ ಉಗುರಿನ ಗೆರಿ ಇರಬೇಕು. ಇಲ್ಲ. ನಾಕೂ ಮೂಲಿ ಒಂದೇ ಸಮ ನೆನದಾವ. ಒಂದು ಅಂಕಿ ಮ್ಯಾಲ ಹೆಬ್ಬೆಟ್ಟಿನ ಗುರುತೈತಿ. ಬೆಕ್ಕಿಗೆ ಹೆಬ್ಬೆಟ್ಟು ಇರತೈತೇನು?”

“ನಾನೇ ಅದ್ದಿದೆ. ಬಣ್ಣ ಬಿಡತೈತೇನಂತ ನೋಡಾಕ.”

ಅವ ನನ್ನ ಕಡೆ ನೋಡಿದ. ಆಮ್ಯಾಲ ನಗಾಕತ್ತಿದ! ಭೂತಗನ್ನಡಿ ಕೆಳಗಿಟ್ಟು ಹೊಟ್ಟಿ ಹಿಡಕೊಂಡು ನಕ್ಕ. “ಬಿಟ್ಟಿತೇನು?”

“ಇಲ್ಲ. ಪಕ್ಕಾ ಐತಿ.”

“ಮತ್ತ ಚೊಲೋ ಆತಲ್ಲ. ಇನ್ನೊಂದು ಹೇಳಿದ್ರಾತು. ಮೂರು ತಿಂಗಳು ಏನು ಮಹಾ.”

ಆ “ಚೊಲೋ ಆತು” ಅನ್ನೋ ಮಾತಿಗೆ ನನ್ನ ಮೈ ಉರೀತು. ಆಮ್ಯಾಲ ತಣ್ಣಗಾತು. ಯಾಕಂದ್ರ ಆವಾಗ ನನಗ ತಿಳೀತು. ಕುರ್ಚಿ ಬಂದಾಗ ಪಟ್ಟಿ, ಪಟ್ಟಿ ಬಂದಾಗ ಕಡ್ಡಿ, ಕಡ್ಡಿ ಬಂದಾಗ ಮೊಳಿ. ಇಂವಗ ವಿಮಾನ ಮುಗಿಸೋದು ಬ್ಯಾಡಾಗೇತಿ. ಮುಗದ ದಿನ ಆಸ್ಪತ್ರಿಗೆ ಹೋಗಬೇಕಲ್ಲ!

“ಏಳು,” ಅಂದೆ. “ಎಡಗಡೆ ಗಾಲಿ ಮುಟ್ಟಿ ನೋಡು.”

“ಯಾಕ?”

“ಮುಟ್ಟು ಅಂದೆ.”

ಬೆರಳು ಹಚ್ಚಿದ. ತಳಕ್ಕ ಸವರಿದ. ಮ್ಯಾಲ ಸವರಿದ. ಬೆರಳು ಚಪ್ಪಟಿ ಜಾಗಾದ ಮ್ಯಾಲ ನಿಂತಿತು. ಮಾರಿ ಮ್ಯಾಲಿನ ನಗಿ ಎಲ್ಲಿ ಹೋತೋ.

“ಎಷ್ಟು ದಿನಾತು ನಿನಗ ಗೊತ್ತಾಗಿ?”

“ಎರಡು ತಿಂಗಳು.”

ಬೆರಳು ಗಾಲಿಯಿಂದ ಎತ್ತಿ ಬಲಗಣ್ಣಿನ ಮ್ಯಾಲ ಇಟ್ಕೊಂಡ. ಆಮ್ಯಾಲ ಅಂದ, “ಇದೊಂದೇ ಐತಿ ಅಕ್ಕಾ. ಮಬ್ಬೋ ಗಿಬ್ಬೋ, ಇಷ್ಟರ ಕಾಣತೈತಿ. ಅವರು ಚಾಕು ಹಚ್ಚಿ, ಇದೂ ಹೋತಂದ್ರ?”

ಹೋಗೂದಿಲ್ಲ ಅನ್ನಾಕ ನಾನೇನು ಡಾಕ್ಟರಲ್ಲ. ಅದರಾಗೂ ನಾನು ಹೇಳಾಕ ಬರೂದಿಲ್ಲ. ನಿಮಗೂ ಹೇಳಿಬಿಡ್ತೀನಿ. ಅವನ ಎಡಗಣ್ಣು ಹೋದದ್ದು ಲಾಳಿ ಬಡದು. ನೇಯೋಮುಂದ ಹಗ್ಗ ಎಳದ್ರ ಲಾಳಿ ಆ ಕಡೆಯಿಂದ ಈ ಕಡೆ ಓಡತೈತಿ, ಅದರ ತುದಿಗೆ ಕಬ್ಬಿಣದ ಮೊಳಿ ಇರತೈತಿ. ಅವ ಆರು ವರ್ಷದವ, ಮಗ್ಗದ ಮಗ್ಗಲಿಗೆ ಕುಂತು ಆಡ್ತಿದ್ದ. ಲಾಳಿ ಹಾದಿ ಬಿಟ್ಟು ಹಾರಿತು. ನಮ್ಮವ್ವ ಲಾಳಿದು ತಪ್ಪು ಅಂದ್ಳು. ಬಂದು ನೋಡಿದವರೆಲ್ಲ ಲಾಳಿನೇ ಬೈದ್ರು. ಕಟ್ಟಗಿಗೆ ಏನು ಗೊತ್ತು? ಹಗ್ಗ ಎಳದ ಕೈ ನಂದು. ಹದಿನಾಲ್ಕು ವರ್ಷದಾಕಿ, ಅವಸರ ಮಾಡಿ ಜೋರಾಗಿ ಎಳದಿದ್ದೆ. ಆವಾಗ ತಪ್ಪು ಲಾಳಿ ಮ್ಯಾಲ ಹಾಕಿದ್ರು, ನಾ ಸುಮ್ಮನಿದ್ದೆ. ಮೊನ್ನೆ ಬೆಕ್ಕಿನ ಮ್ಯಾಲ ನಾನೇ ಹಾಕಿದೆ. ಅದಕ್ಕೇ ಈ ಸಲ ಮೊದಲ ಸಾಲಿನಾಗೇ ಬರದೀನಿ.

ಇದನ್ನ ಅವಗ ಅವತ್ತು ಅಂದೆ. ಜೀವನದಾಗ ಮೊದಲ ಸಲ. “ಲಾಳಿ ಹಗ್ಗ ನಾನೇ ಜೋರ್ ಎಳದಿದ್ದೆ.”

“ಗೊತ್ತೈತಿ,” ಅಂದ. “ನಾ ಅಲ್ಲೇ ಕುಂತಿದ್ದೆನಲ್ಲ. ಆವಾಗ ಎರಡೂ ಕಣ್ಣು ಚೊಲೋ ಇದ್ದುವು.”

ಅರವತ್ತು ವರ್ಷದಾಗ ಈ ಮನುಷ್ಯಾ ಎಷ್ಟು ತಪ್ಪು ತೋರಿಸ್ಯಾನ! ರೊಟ್ಟಿದು, ರಂಗೋಲಿದು, ಮುಹೂರ್ತದ್ದು, ಪರದೇಶದವರ ವಿಮಾನದ್ದು. ಇದೊಂದು ತೋರಿಸಿರಲಿಲ್ಲ.

ನಾನು ಸೆರಗು ಸರಿ ಮಾಡ್ಕೊಂಡೆ. “ಆತು. ನಾಳೆ ನಡಿ. ಏನೂ ಆಗೂದಿಲ್ಲ, ಎಲ್ಲಾರೂ ಮಾಡಿಸ್ಕೋತಾರ.”

ಅವಗ ಸಿಟ್ಟು ಬಂತು. ಮೊದಲಿನ ತಮ್ಮ ತಿರುಗಿ ಬಂದ. “ಏನೂ ಆಗೂದಿಲ್ಲಂದ್ರ ನೀ ಯಾಕ ಮಾಡಿಸ್ಕೊಂಡಿಲ್ಲ? ಅವತ್ತು ನನ್ನ ಜೋಡಿ ನಿನ್ನೂ ನೋಡಿದ್ರಲ್ಲ? ನಿನ್ನ ಬಲಗಣ್ಣಾಗೂ ಪೊರೆ ಐತಿ ಅಂದ್ರಲ್ಲ? ರಕ್ತಾನೂ ತಪಾಸ ಮಾಡಿ ಕಾಗದಾ ಕೈಯಾಗ ಕೊಟ್ರಲ್ಲ? ಅದನ್ನ ಹಿಟ್ಟಿನ ಡಬ್ಬಿ ಕೆಳಗ ಯಾಕ ಹಾಸೀದಿ? ಮಂದಿಗೆ ಹೇಳಾಕ ಭಾಳ ಸರಳ!”

ತಪ್ಪು ಹುಡುಕಾಕ ಅವಗ ಕಣ್ಣು ಬೇಕಂತ ಯಾರು ಹೇಳಿದ್ರು? ಕೆಳಗ ಇಳದು ಬಂದೆ.

ಶುಕ್ರವಾರ ಮುಂಜಾನೆ ಎದ್ದು ತಲಿಮ್ಯಾಲ ನೀರು ಹಾಕ್ಕೊಂಡೆ. ಹಿಟ್ಟಿನ ಡಬ್ಬಿ ಎತ್ತಿ ಕಾಗದಾ ಜಾಡಿಸಿ ತೊಗೊಂಡೆ. ಆಟೋ ಕರಸಿ, ಅಟ್ಟಕ್ಕ ಮಾರಿ ಮಾಡಿ, “ನಾ ಹೊಂಟೆ. ನನ್ನ ಜೋಡಿ ಬರಾಕ ಯಾರಿಲ್ಲ,” ಅಂತ ಕೂಗಿದೆ. ಬಂದ. ಅಂಗಿ ಗುಂಡಿ ತಪ್ಪು ಹಾಕ್ಕೊಂಡಿದ್ದ. ನಾನು ಅನ್ನಲಿಲ್ಲ.

ಆಸ್ಪತ್ರ್ಯಾಗ ನರ್ಸಬಾಯಿ ಅವನ ಹೆಸರು ಕರದ್ಳು. ನಾನು ಎದ್ದು ಹ್ವಾದೆ. ನನ್ನ ಕಾಗದಾ ಮೇಜಿನ ಮ್ಯಾಲ ಇಟ್ಟೆ. “ಇವತ್ತ ನಂದು ಮೊದಲು ಮಾಡ್ರಿ. ಆಮ್ಯಾಲ ಅವಂದು.”

ಡಾಕ್ಟರ್ ಬಂದು, “ಇದೇನ್ರಿ ಅಮ್ಮಾರ, ಅವಸರ ಅವರ ಕಣ್ಣಿಗೈತಿ,” ಅಂದ್ರು.

“ಗೊತ್ತೈತ್ರಿ. ಅವ ನೋಡಲಿ ಅಂತ.”

ಅವರು ನನ್ನ ಮಾರಿ ನೋಡಿದ್ರು, ಬೆಂಚಿ ಮ್ಯಾಲ ಕುಂತ ನಮ್ಮ ತಮ್ಮನ್ನ ನೋಡಿದ್ರು. ಬಿಪಿ, ಶುಗರ್ ಮತ್ತೊಮ್ಮೆ ನೋಡಿ ಆಗಲಿ ಅಂದ್ರು. ಕಣ್ಣಿಗೆ ಹನಿ ಹಾಕಿದ್ರು. ಒಳಗ ಹೋದೆ. ಮಕ್ಕೊಂಡೆ. ಅಂಜಿಕಿ ಬಂದಿಲ್ಲ ಅಂದ್ರ ಸುಳ್ಳು. ಮಾರಿ ಮ್ಯಾಲ ಹಸರು ಅರಬಿ ಹಾಕಿದಾಗ ಇದ್ದಬದ್ದ ದೇವರನ್ನೆಲ್ಲ ಕರದೆ. ಯಾರು ಬಂದ್ರೋ ಗೊತ್ತಿಲ್ಲ, ಕೆಲಸ ಮುಗೀತು.

ಕಣ್ಣಿಗೆ ಪಟ್ಟಿ ಹಚ್ಚಿಸ್ಕೊಂಡು ಗ್ವಾಡಿ ಹಿಡಕೊಂಡು ಹೊರಗ ಬಂದೆ. ಅವ ಎದ್ದು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ನೋ. ಅವನ ಮುಂದ ಹೋಗಿ, ಅವಗ ಮಬ್ಬು ಕಾಣತೈತಿ ಅಂತ, ಮಾರಿ ಹತ್ರಕ್ಕೇ ಹೋಗಿ ನಿಂತೆ.

“ನೋಡ್ಕೋ. ಜೀವಂತ ಅದೀನಿ. ಇನ್ನ ನೀ ನಡಿ.”

ಅವ ತನ್ನ ದಪ್ಪ ಚಷ್ಮಾ ತಗದು ನನ್ನ ಕೈಯಾಗ ಕೊಟ್ಟ. ನರ್ಸಬಾಯಿ ಕೈ ಹಿಡಕೊಂಡು ಒಳಗ ಹ್ವಾದ. ಬಾಗಲಾ ಹಾಕಿದ್ರು. ನಾನು ಬೆಂಚಿ ಮ್ಯಾಲ ಕುಂತು, ಅವ ಹೊರಗ ಬರೋತನಕ, ಆ ಚಷ್ಮಾ ಒರಸಿದೆ.